ಏಡನ್ನಿಗೆ ಹೋದ ನೂರೊಂದನೆಯ ಎಲೆ

ಸವಣೂರು

ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ಎತ್ತರದ ಕಟ್ಟಡ, ಉದ್ದದ ಸೇತುವೆ, ಹೂದೋಟಗಳ ವಿಷಯ ಬರೆಯುತ್ತಾರೆ. ನಾನು ಕಂಡದ್ದು ಒಂದು ಕರಿಕಲ್ಲಿನ ಗುಡ್ಡ, ಒಂದು ಗೋದಾಮು ಮತ್ತು ರಟ್ಟು ತಿನ್ನುವ ಮೇಕೆಗಳು. ಕೊಳೆತ ಎಲೆಯ ಬೆನ್ನು ಹತ್ತಿ ಹೋದವನಿಗೆ ಇನ್ನೇನು ಕಂಡೀತು? ಆದರೂ ಆ ಪ್ರಯಾಣದ ಕಥೆಯನ್ನು ಹೇಳದೆ ಇರಲಾರೆ, ಯಾಕೆಂದರೆ ಅದರಲ್ಲಿ ತಪ್ಪು ನನ್ನದೇ ಇತ್ತು.

ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆಗ ನಾನು ಸವಣೂರಿನಲ್ಲಿ ವೀಳ್ಯದೆಲೆ ಕೂಡಿಸಿ ಕಳಿಸುವ ಕೆಲಸ ಮಾಡುತ್ತಿದ್ದೆ. ಇಪ್ಪತ್ತೆರಡು ತೋಟಗಳು, ಒಂದೊಂದೂ ಹತ್ತು ಹದಿನೈದು ಗುಂಟೆಯವು. ಯಾರೊಬ್ಬರ ಎಲೆಯೂ ಲಾರಿಯ ಒಂದು ಮೂಲೆಗೂ ಸಾಲುತ್ತಿರಲಿಲ್ಲ, ಎಲ್ಲರದೂ ಸೇರಿದರೆ ಒಂದು ಲಾರಿ ತುಂಬುತ್ತಿತ್ತು. ಬುಟ್ಟಿ ಹೆಣೆಯುವವರು ಹಾನಗಲ್ಲಿನ ಮೇದಾರರು. ಒಳಗೆ ಹಾಸುವ ಬಾಳೆಯ ಒಣಪಟ್ಟೆಯೂ ಆ ಕಡೆಯದೇ. ಬಾಯಿ ಕಟ್ಟುವ ಹುರಿ ಹಿರೇಕೆರೂರಿನ ಸಂತೆಯಿಂದ ಬರುತ್ತಿತ್ತು, ಲಾರಿ ಶಿಗ್ಗಾವಿಯಿಂದ. ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಹತ್ತಿದ ಎಲೆ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಏಡನ್ನೆಂಬ ಊರಿಗೆ ಹೋಗುತ್ತಿತ್ತು. ಇಷ್ಟು ಜನರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಏಡನ್ ಯಾವ ದಿಕ್ಕಿಗೆ ಇದೆ ಎಂದು ಕೇಳಿದರೆ ಸ್ಟೇಶನ್ನಿನ ಕಡೆ ಕೈ ತೋರಿಸುತ್ತಿದ್ದರು.

ಆ ವರ್ಷ ಏಡನ್ನಿನ ವ್ಯಾಪಾರಿ ಜೇಠಾಭಾಯಿಯವರಿಂದ ಮೇಲಿಂದ ಮೇಲೆ ಕಾಗದಗಳು ಬಂದವು. ಹೋದ ವರ್ಷದ ತನಕ ಚೆನ್ನಾಗಿದ್ದ ಸವಣೂರಿನ ಎಲೆ ಈಗ ಕೊಳೆತು ಬರುತ್ತಿದೆ, ಕಾರಣ ತಿಳಿಸಿ ಎಂದು. ಕೊನೆಯ ಕಾಗದದಲ್ಲಿ ಒಂದೇ ಮಾತಿತ್ತು: ಇನ್ನು ಎರಡು ಖೇಪು ಮಾಲು ತರಿಸಿ ನೋಡುತ್ತೇನೆ, ಆಮೇಲೆ ಬೇರೆ ಸೀಮೆಯ ಎಲೆ ತರಿಸುತ್ತೇನೆ.

ಆ ಕಾಗದ ಓದಿ ನನ್ನ ಮೈ ಉರಿದುಹೋಯಿತು. ಯಾಕೆಂದರೆ ಹೋದ ವರ್ಷವೇ ನಾನು ಬುಟ್ಟಿಗಳಿಗೆ ಭಾರಿ ಬಂದೋಬಸ್ತು ಮಾಡಿದ್ದೆ. ಮೊದಲು ಮುಂಬಯಿಯಲ್ಲಿ ನಮ್ಮ ಮಾಲು ಇಳಿಸಿಕೊಳ್ಳುವ ದಲಾಲಿ, ಅಂದರೆ ಅಡತಿಯವನು, ಬುಟ್ಟಿಗಳನ್ನು ಬಿಚ್ಚಿ, ಎಲೆ ತಿರುವಿ, ಮತ್ತೆ ಕಟ್ಟಿ ಹಡಗಿಗೆ ಏರಿಸುತ್ತಿದ್ದ. ಒಳ್ಳೆಯ ಎಲೆ ಹೊಡೆದುಕೊಳ್ಳುತ್ತಾನೆ ಎಂದು ನಮಗೆಲ್ಲ ಅನುಮಾನ. ನಾನು ಜಗಳ ತೆಗೆದು, ಪ್ರತಿ ಬುಟ್ಟಿಗೂ ಅರಗಿನ ಮುದ್ರೆ ಒತ್ತಿಸಿ, ಏಡನ್ ಮುಟ್ಟುವ ತನಕ ಯಾರೂ ಬಿಚ್ಚಬಾರದೆಂದು ಕರಾರು ಮಾಡಿಸಿದ್ದೆ. ಇಷ್ಟು ಮಾಡಿಯೂ ಎಲೆ ಕೊಳೆಯುತ್ತದೆ ಎಂದರೆ ಹಡಗಿನವರೇ ಏನೋ ಕಿತಾಪತಿ ಮಾಡುತ್ತಿರಬೇಕು. ಈ ಖೇಪಿನ ಜೊತೆ ನಾನೇ ಹೋಗುತ್ತೇನೆ ಎಂದು ಪಟ್ಟು ಹಿಡಿದೆ. ಇಪ್ಪತ್ತೆರಡು ತೋಟದವರೂ ಪಟ್ಟಿ ಹಾಕಿ ನನ್ನ ಟಿಕೀಟು ತೆಗೆಸಿದರು.

ಹೊರಡುವ ದಿನ ಫಕೀರವ್ವನ ತೋಟಕ್ಕೆ ಹೋದೆ. ಎಲೆಗಾರರಲ್ಲೆಲ್ಲ ಹಿರಿಯಳು ಆಕೆ. ಹನ್ನೆರಡು ಗುಂಟೆ ಬಳ್ಳಿಯನ್ನು ಒಬ್ಬಳೇ ಸಾಕಿಕೊಂಡಿದ್ದಳು, ಏಡನ್ನಿನ ವ್ಯಾಪಾರ ನಂಬಿಯೇ ಹೋದ ವರ್ಷ ಮತ್ತೆ ನಾಲ್ಕು ಸಾಲು ಹಬ್ಬಿಸಿದ್ದಳು. ಚೊಗಚೆ ಮರದ ನೆರಳಿಗೆ ಕುಳಿತು ಎಲೆ ಎಣಿಸುತ್ತಿದ್ದಳು. ನೂರು ಎಲೆಯ ಕಟ್ಟಿಗೆ ನಾವು ಕವಳಿ ಎನ್ನುತ್ತೇವೆ. ನೂರು ಮುಗಿದ ಮೇಲೆ ಬಳ್ಳಿಯ ಬುಡದಲ್ಲಿ ಮಾಗಿದ ಒಂದು ದೊಡ್ಡ ಎಲೆಯನ್ನು ನೀರಲ್ಲಿ ಅದ್ದಿ ಕವಳಿಯ ಮೇಲಿಡುವುದು ನಮ್ಮಲ್ಲಿಯ ರೂಢಿ. ಅದು ಕೊಸರು, ಲೆಕ್ಕಕ್ಕಿಲ್ಲದ್ದು. ಸಂತೆಯಲ್ಲಿ ಎಲೆ ಕೊಂಡವನು ಆ ಮಾಗಿದ ಎಲೆಯನ್ನು ಅಲ್ಲೇ ಮಾರಿದವರ ಎದುರಿಗೇ ಬಾಯಿಗೆ ಹಾಕಿಕೊಳ್ಳಬೇಕು. ಆಗಲೇ ವ್ಯಾಪಾರ ಮುಗಿಯಿತು ಅಂತ.

“ಎಲಿ ಕೊಳತ್ರ ಎಲಿ ನೋಡಬೇಕೋ ಶಂಕ್ರಾ. ಸಮುದ್ರ ನೋಡಿ ಏನ ಮಾಡ್ತಿ?” ಎಂದಳು.

“ಎಲಿ ಜೋಡೀನ ಹೊಂಟೇನಬೇ. ಎಲ್ಲಿ ಕೆಡತೈತಿ ಅಂತ ಕಣ್ಣಾರೆ ನೋಡಿ ಬರ್ತೇನಿ.”

“ಹೋಗಿ ಬಾ. ಆದ್ರ ತಪ್ಪು ನಮ್ಮದs ಇದ್ರ ಮುಚ್ಚಿಡಬ್ಯಾಡ. ಬಂದು ನನ್ನ ಮುಂದ ಹೇಳು.”

ತಪ್ಪು ನಮ್ಮದು ಹೇಗಾದೀತು ಎಂದು ನಗುತ್ತ ಎದ್ದು ಬಂದೆ.

ಮುಂಬಯಿ

ಬಂದರಿನಲ್ಲಿ ಕಾಗದ ಪತ್ರ ನೋಡುವ ಅಧಿಕಾರಿ ನನ್ನ ಧೋತರ, ಟೊಪಿಗೆ, ಕೈಯಲ್ಲಿದ್ದ ಸವಣೂರಿನ ಖಾರದ ತಿಂಡಿಯ ಗಂಟು ಎಲ್ಲ ನೋಡಿ, ಏಡನ್ನಿಗೆ ಏನು ಕೆಲಸ ಎಂದು ಕೇಳಿದ. ಎಲೆ ಕೊಳೆಯುವುದನ್ನು ನೋಡಲು ಎಂದೆ. ಆತ ಇನ್ನೊಬ್ಬನನ್ನು ಕರೆದು, ಈ ಮನುಷ್ಯ ಏನೆನ್ನುತ್ತಾನೆ ಕೇಳು ಎಂದ. ಅವನಿಗೂ ಅದನ್ನೇ ಹೇಳಿದೆ. ಇಬ್ಬರೂ ಸೇರಿ ನಾನು ಸಿಡುಬಿಗೆ ದೇವಿ ಹಾಕಿಸಿದ ಚೀಟಿಯನ್ನು ಮೂರು ಸಲ ನೋಡಿದರು. ತಲೆ ಕೆಟ್ಟವರಿಗೆ ಬೇರೆ ಚೀಟಿ ಇರಲಿಲ್ಲವೆಂದು ಕಾಣುತ್ತದೆ, ಬಿಟ್ಟುಬಿಟ್ಟರು.

ಅಡತಿಯವನು ಹಡಗುಕಟ್ಟೆಗೆ ಬಂದಿದ್ದ. ಅವನ ಮುಖ ನೋಡಲೂ ನನಗೆ ಮನಸ್ಸಿರಲಿಲ್ಲ. ಅವನಾದರೋ ನಗುತ್ತ, “ಒಂದು ಸಲ ಬುಟ್ಟಿ ಬಿಚ್ಚಿ ಎಲೆ ತಿರುವಿ ಕಳಿಸೋಣವೇ?” ಎಂದು ಕೇಳಿದ. ಬುಟ್ಟಿಗೆ ಕೈ ಹಚ್ಚಿದರೆ ನೋಡು ಎಂದು ಗದರಿದೆ. ಅವನು ಕೈ ಮುಗಿದು ಹೊರಟುಹೋದ. ಆ ಮನುಷ್ಯನ ವಿಷಯದಲ್ಲಿ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹಡಗಿನಲ್ಲಿ

ಮೊದಲ ಎರಡು ದಿನದ ಬಗ್ಗೆ ಬರೆಯುವಂಥದು ಏನೂ ಇಲ್ಲ. ನಾನು ಮಲಗಿದ್ದೆ, ಹೊಟ್ಟೆ ಮಾತ್ರ ಎದ್ದು ಓಡಾಡುತ್ತಿತ್ತು. ಬಯಲು ಸೀಮೆಯಲ್ಲಿ ಹುಟ್ಟಿದವನ ಕಾಲಿಗೆ ನೆಲ ಅಲ್ಲಾಡುವ ಅಭ್ಯಾಸ ಎಲ್ಲಿಂದ ಬರಬೇಕು? ರತ್ನಾಗಿರಿ ಕಡೆಯ ಖಲಾಸಿ ಹುಸೇನಮಿಯಾ ಎಂಬಾತ ನಿಂಬೆಹಣ್ಣು ತಂದುಕೊಟ್ಟ. ನನಗೆ ಬರುವ ಹರಕುಮುರುಕು ಮರಾಠಿಯಲ್ಲೇ ಮಾತಾಯಿತು. ಖಾರದ ಗಂಟು ಬಿಚ್ಚಿ ಅವನ ಮುಂದಿಟ್ಟೆ. ಮರುದಿನ ಅವನ ಜೊತೆಗಾರರು ನಾಲ್ವರು ನನ್ನ ಕ್ಷೇಮ ವಿಚಾರಿಸಲು ಬಂದರು. ಏಡನ್ನಿನ ವ್ಯಾಪಾರಿಗೆಂದು ಒಯ್ದ ಖಾರ ಅರ್ಧ ದಾರಿಯಲ್ಲೇ ಮುಗಿಯಿತು.

ಮೂರನೆಯ ದಿನ ಗೋಡೆ ಹಿಡಿದುಕೊಂಡು ಬುಟ್ಟಿಗಳ ಹತ್ತಿರ ಹೋದೆ. ಇಂಜಿನ್ನಿನ ಪಕ್ಕ ಒಗೆದಿರುತ್ತಾರೆ, ಉಪ್ಪುನೀರು ಚಿಮುಕಿಸಿರುತ್ತಾರೆ ಎಂದು ಬಯ್ಯಲು ಮಾತು ಜೋಡಿಸಿಕೊಂಡೇ ಹೋಗಿದ್ದೆ. ಬುಟ್ಟಿಗಳು ನೆರಳಿನಲ್ಲಿ, ಗಾಳಿ ಆಡುವ ಕಡೆ, ಒಂದಕ್ಕೊಂದು ತಾಕದಂತೆ ಇದ್ದವು. ಮೇಲೆ ತೇವದ ಗೋಣಿತಟ್ಟು. ಹುಸೇನಮಿಯಾ ದಿನಕ್ಕೆ ಎರಡು ಸಲ ಅದನ್ನು ಸಿಹಿನೀರಿನಲ್ಲಿ ನೆನೆಸಿ ಹಾಸುತ್ತಿದ್ದ. ನಾವು ಮನೆಯಲ್ಲೂ ಅಷ್ಟು ಜೋಪಾನ ಮಾಡುವುದಿಲ್ಲ.

ಒಂದು ಬುಟ್ಟಿಯ ಮುದ್ರೆ ಒಡೆದು ನೋಡಿದೆ. ಕವಳಿಗಳ ಮೇಲುಗಡೆ ಹಳದಿ ಚುಕ್ಕೆ ಶುರುವಾಗಿತ್ತು. ಅಡಿಯ ಎಲೆಗಳು ಹಸಿರಾಗಿದ್ದವು. ಹಡಗಿನವರ ತಪ್ಪಿಲ್ಲ, ಆದರೂ ಎಲೆ ಕೆಡುತ್ತಿದೆ. ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕುಳಿತೆ. ಉತ್ತರ ನನ್ನ ಕಣ್ಣೆದುರೇ ಇತ್ತು. ದಿನಾ ದಾಟುವ ಹೊಸ್ತಿಲು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಹಾಗೆ ನನಗೂ ಕಾಣಲಿಲ್ಲ.

ಏಡನ್, ಮೊದಲ ದಿನ

ದೇವರು ಈ ಊರನ್ನು ಮಾಡುವಾಗ ಹಸಿರು ಬಣ್ಣ ತೀರಿಹೋಗಿತ್ತೆಂದು ಕಾಣುತ್ತದೆ. ಸುತ್ತ ಸುಟ್ಟ ಇಟ್ಟಿಗೆಯಂಥ ಕಪ್ಪು ಗುಡ್ಡ, ನಡುವೆ ಬಿಳಿ ಮನೆಗಳು. ಒಂದು ಗರಿಕೆಯ ಎಸಳಿಲ್ಲ. ಬೀದಿಯಲ್ಲಿ ಮೇಕೆಗಳು ಯಜಮಾನರಂತೆ ತಿರುಗುತ್ತವೆ, ಹುಲ್ಲು ಕಾಣದೆ ಕಾಗದ, ರಟ್ಟು ತಿನ್ನುತ್ತವೆ. ನನ್ನ ಕಣ್ಣೆದುರಿಗೇ ಒಂದು ಮೇಕೆ ಸಿಗರೇಟಿನ ಪಾಕೀಟನ್ನು ಸಾವಕಾಶವಾಗಿ ತಿಂದು ಮುಗಿಸಿತು.

ಇಂಥ ಊರಿನವರಿಗೆ ಎಲೆಯೆಂದರೆ ಪ್ರಾಣ. ಮಧ್ಯಾಹ್ನ ಕಾತ್ ಎಂಬ ಸೊಪ್ಪು ಬರುವ ಹೊತ್ತಿಗೆ ಇಡೀ ಪೇಟೆ ಕೆಲಸ ಬಿಟ್ಟು ದಾರಿ ಕಾಯುತ್ತದೆ. ಮೇಲಿನ ಗುಡ್ಡಗಾಡಿನಿಂದ ಅವತ್ತೇ ಕೊಯ್ದು ತಂದ ಎಳೆಯ ಕುಡಿಗಳವು. ಅದನ್ನು ದವಡೆಯಲ್ಲಿಟ್ಟುಕೊಂಡು ಸಂಜೆಯ ತನಕ ಹರಟುತ್ತ ಕೂರುತ್ತಾರೆ. ನಮ್ಮ ವೀಳ್ಯವನ್ನೂ ಬಿಟ್ಟವರಲ್ಲ. ಅದಕ್ಕೆ ಅವರ ಅರಬಿಯಲ್ಲಿ ತಂಬೂಲ್ ಎನ್ನುತ್ತಾರೆ. ಆ ಕರಿಕಲ್ಲಿನ ಸಂದಿಯಲ್ಲಿ ಒಬ್ಬ ಗಡ್ಡದ ಮುದುಕ “ತಂಬೂಲ್, ತಂಬೂಲ್” ಎಂದು ಕೂಗುವುದು ಕೇಳಿ, ಯಾರೋ ನಮ್ಮೂರಿನವರು ಕರೆದಂತಾಗಿ ನಿಂತುಬಿಟ್ಟೆ.

ಜೇಠಾಭಾಯಿ ಅರವತ್ತರ ಆಸುಪಾಸಿನ ಗುಜರಾತಿ. ಮಾತು ಬೆಣ್ಣೆ, ಹಟ ಉಕ್ಕು. ಅವರ ಹಿಂದಿಗೆ ನಾನು ನನ್ನ ಹಿಂದಿ ಜೋಡಿಸಿದೆ. “ನೀವೇ ಬಂದದ್ದು ಒಳ್ಳೆಯದಾಯಿತು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಗಿರಾಕಿಗೆ ಕೊಳೆತ ಎಲೆ ಮಾರಲಾರೆ” ಎಂದರು. ಗೋದಾಮಿನ ಕೆಲಸ ನೋಡುವ ಸಾಲೆಂನನ್ನು ಕರೆದು ಬುಟ್ಟಿ ಬಿಚ್ಚಲು ಹೇಳಿದರು.

ಸಾಲೆಂ ಅಲ್ಲಿಯವನೇ, ಒಣಗಿದ ಮೈಯ ಅರಬ. ಜೇಠಾಭಾಯಿಯ ಹತ್ತಿರ ಇಪ್ಪತ್ತು ವರ್ಷವಿದ್ದು ಹಿಂದಿ ಕಲಿತಿದ್ದ. ಬಾಗಿಲ ಹತ್ತಿರ ಕುಳಿತು ಕವಳಿಗಳನ್ನು ಒಂದೊಂದಾಗಿ ಎತ್ತಿಕೊಂಡ. ಎತ್ತಿದ ಕೂಡಲೇ ಅವನ ಹೆಬ್ಬೆರಳು ಮೇಲಿನ ಎಲೆಯನ್ನು ಚಕ್ಕನೆ ಎಬ್ಬಿಸಿ ಹೊರಗೆ ಎಸೆಯುತ್ತಿತ್ತು. ಒಂದು, ಎರಡು, ಹತ್ತು. ಬಾಗಿಲಾಚೆ ನಾಲ್ಕು ಮೇಕೆಗಳು ಅದನ್ನೇ ಕಾಯುತ್ತ ನಿಂತಿದ್ದವು.

ಬಗ್ಗಿ ನೋಡಿದೆ. ಎಸೆಯುತ್ತಿದ್ದದ್ದು ಫಕೀರವ್ವನ ಕೊಸರು.

“ಅದನ್ನು ಯಾಕೆ ಬಿಸಾಕುತ್ತೀಯಪ್ಪಾ?” ಎಂದೆ. ದನಿ ಏರಿತ್ತು.

ಸಾಲೆಂ ಬೆರಗಾಗಿ ನೋಡಿದ. “ಇದು ಮುಚ್ಚಳದ ಎಲೆ ಅಲ್ಲವೇ? ಹೋದ ವರ್ಷದಿಂದ ನೀವು ಇದನ್ನು ಹಾಕುತ್ತಿದ್ದೀರಿ. ಇಲ್ಲಿ ಬರುವಷ್ಟರಲ್ಲಿ ಇದೇ ಮೊದಲು ಕೊಳೆತಿರುತ್ತದೆ, ಕೆಳಗಿನದಕ್ಕೂ ಹಚ್ಚುತ್ತದೆ. ಮೊದಲು ಬರುತ್ತಿದ್ದ ಬುಟ್ಟಿಗಳಲ್ಲಿ ಇದು ಇರಲಿಲ್ಲ. ಯಾಕೆ ಶುರು ಮಾಡಿದಿರಿ?”

ನಾವು ಹೋದ ವರ್ಷ ಶುರು ಮಾಡಿದ್ದಲ್ಲ. ನನ್ನ ಅಜ್ಜನ ಕಾಲದಿಂದ ಹಾಕುತ್ತಿದ್ದೇವೆ. ಹಾಗಾದರೆ ಮೊದಲು ಅದು ಎಲ್ಲಿ ಹೋಗುತ್ತಿತ್ತು? ಕೇಳಿಕೊಂಡ ಮರುಗಳಿಗೆಯಲ್ಲೇ ಉತ್ತರ ಹೊಳೆಯಿತು. ನಾನು ಕಳ್ಳನೆಂದು ಬಯ್ದ ಆ ಮುಂಬಯಿಯ ಅಡತಿಯವನು ಬುಟ್ಟಿ ಬಿಚ್ಚಿ, ಮಾಗಿದ ಎಲೆಗಳನ್ನು ಹೆಕ್ಕಿ ತೆಗೆದು, ಒರಸಿ, ಮತ್ತೆ ಕಟ್ಟುತ್ತಿದ್ದ. ಒಂದು ಮಾತೂ ಆಡದೆ ನಮ್ಮ ಎಲೆಯನ್ನು ಕಾಪಾಡುತ್ತಿದ್ದ. ಅರಗಿನ ಮುದ್ರೆ ಒತ್ತಿ ಅವನ ಕೈ ಕಟ್ಟಿದವನು ನಾನು. ಅವತ್ತೇ ತಿನ್ನಬೇಕಾದ ಹಣ್ಣೆಲೆಯನ್ನು ನೀರಲ್ಲಿ ಅದ್ದಿ, ಮುಚ್ಚಿದ ಬುಟ್ಟಿಯಲ್ಲಿ ಎಂಟು ಹತ್ತು ದಿನ ಇಟ್ಟರೆ ಇನ್ನೇನಾಗಬೇಕು?

ತಲೆಯ ಮೇಲಿನ ಟೊಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಆಮೇಲೆ ಸಾಲೆಂನಿಗೆ ಕೊಸರು ಎಂದರೆ ಏನೆಂದು ಬಿಡಿಸಿ ಹೇಳಿದೆ. ಲೆಕ್ಕಕ್ಕೆ ಮೀರಿ, ಪ್ರೀತಿಯಿಂದ, ಕೊಂಡವನ ಬಾಯಿಗೆಂದು ಒಬ್ಬ ಮುದುಕಿ ಇಡುವ ಎಲೆ ಎಂದು. ಅವನ ಕೈ ನಿಂತಿತು. ಬಾಗಿಲಾಚೆಯ ಮೇಕೆಗಳನ್ನು ನೋಡಿದ. “ಒಂದು ವರ್ಷದಿಂದ ಎಸೆಯುತ್ತ ಬಂದಿದ್ದೇನೆ” ಎಂದ. ಎದ್ದು ಹೋಗಿ ಮೇಕೆಗಳನ್ನು ಅಟ್ಟಿ ಬಂದ. ಅದರಿಂದ ಈಗ ಏನೂ ಆಗುವಂತಿರಲಿಲ್ಲ, ಆದರೂ ಅಟ್ಟಿದ.

ಏಡನ್, ಐದನೆಯ ದಿನ

ಜೇಠಾಭಾಯಿ ನನ್ನ ಮಾತನ್ನು ಕೇಳಿ ತಲೆಯಾಡಿಸಿದರು, ಆದರೆ ಒಪ್ಪಲಿಲ್ಲ. “ನಿಮ್ಮ ಮಾತು ಚೆನ್ನಾಗಿದೆ. ಗಿರಾಕಿ ಮಾತು ಜಗಿಯುವುದಿಲ್ಲ” ಎಂದರು. ಹಾಗಾದರೆ ತೋರಿಸುತ್ತೇನೆ ಎಂದೆ. ತೋರಿಸದೆ ಊರಿಗೆ ಹೋಗುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಬಂದ ಎಲೆಯಲ್ಲಿ ಚೊಕ್ಕಟವಾಗಿದ್ದದ್ದನ್ನು ಆರಿಸಿ ಹತ್ತು ಕವಳಿ ಕಟ್ಟಿದೆ. ಐದರ ಮೇಲೆ, ಇನ್ನೂ ಕೊಳೆಯದೆ ಉಳಿದಿದ್ದ ಮಾಗಿದ ಎಲೆ ಹುಡುಕಿ ಹಸಿ ಮಾಡಿ ಇಟ್ಟೆ, ಐದಕ್ಕೆ ಇಡಲಿಲ್ಲ. ಎರಡು ಬುಟ್ಟಿ, ಒಂದೇ ನೆರಳು, ಒಂದೇ ಗೋಣಿತಟ್ಟು. ನಾಲ್ಕು ದಿನ ಗೋದಾಮಿನಲ್ಲೇ ಚಾಪೆ ಹಾಸಿಕೊಂಡು ಕಾದೆ. ಊರು ನೋಡಿ ಬನ್ನಿ, ಹಳೆಯ ಕಾಲದ ನೀರಿನ ತೊಟ್ಟಿಗಳಿವೆ ಎಂದು ಜೇಠಾಭಾಯಿ ಹೇಳಿದರು. ನಾನು ಆ ಎರಡು ಬುಟ್ಟಿಗಳ ಕಾವಲು ಬಿಟ್ಟು ಕದಲಲಿಲ್ಲ. ಸಾಲೆಂ ಶುಂಠಿ ಹಾಕಿದ ಕಾಫಿಸಿಪ್ಪೆಯ ಕಷಾಯ ತಂದುಕೊಡುತ್ತಿದ್ದ. ಕಾಫಿಯ ಬೀಜ ಮಾರಿ ಸಿಪ್ಪೆ ಕುದಿಸಿ ಕುಡಿಯುತ್ತಾರಂತೆ ಅಲ್ಲಿನವರು. ನಾವು ಎಳೆಯ ಎಲೆ ಮಾರಿ ಹರಕು ಎಲೆ ತಿನ್ನುವವರು, ನನಗೆ ಅದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಜೇಠಾಭಾಯಿಯವರೇ ಬಂದು ಬಗ್ಗಿ ನೋಡಿದರು. ಕೊಸರು ಇದ್ದ ಕವಳಿಗಳಲ್ಲಿ ಮೇಲಿನ ಹತ್ತು ಹದಿನೈದು ಎಲೆ ಕಪ್ಪಾಗಿ ಒಂದಕ್ಕೊಂದು ಅಂಟಿದ್ದವು. ಇಲ್ಲದವು ಹಸಿರಾಗಿದ್ದವು. ಅವರು ಒಂದು ಹಸಿರು ಎಲೆ ಎತ್ತಿ, ತೊಟ್ಟು ಮುರಿದು, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

“ಇನ್ನು ಒಂದು ಖೇಪು” ಎಂದರು. “ಎಲ್ಲ ಬುಟ್ಟಿಯೂ ಹೀಗಿರಬೇಕು. ಇಪ್ಪತ್ತೆರಡರಲ್ಲಿ ಒಂದು ತೋಟದವರು ತಪ್ಪಿದರೂ ನನ್ನ ಹತ್ತಿರ ಬರಬೇಡಿ.”

ಮತ್ತೆ ಸವಣೂರು

ಸಮುದ್ರ ದಾಟಿದ್ದು ಸುಲಭ, ಫಕೀರವ್ವನ ಅಂಗಳ ದಾಟುವುದು ಕಷ್ಟವಾಯಿತು. ಎಲ್ಲ ತೋಟದವರೂ ಅಲ್ಲಿ ಸೇರಿದ್ದರು. ಇನ್ನು ಮೇಲೆ ಏಡನ್ನಿನ ಕವಳಿಗೆ ಕೊಸರು ಇಡಬಾರದು ಎಂದೆ. ಗದ್ದಲವೆದ್ದಿತು. ಒಬ್ಬರು ನನಗೆ ಸಮುದ್ರದ ಗಾಳಿ ಬಡಿದಿದೆ ಎಂದರು.

ಫಕೀರವ್ವ ಕೈ ಎತ್ತಿದಳು. “ಕೊಸರು ಇಲ್ಲದ ಕವಳಿ ಹೆಣಕ್ಕ ಒಯ್ಯೂ ಎಲಿ ಇದ್ದಂಗ. ನನ್ನ ಕೈಲೆ ಅದು ಆಗಂಗಿಲ್ಲ. ಬ್ಯಾರೆ ಏನರ ಹೇಳು.”

“ಅವ್ವಾ, ತಪ್ಪು ನಮ್ಮದs ಇದ್ರ ಮುಚ್ಚಿಡಬ್ಯಾಡ ಅಂದಿದ್ದಿ” ಎಂದೆ. ಅಡತಿಯವನ ವಿಷಯ ಹೇಳಿದೆ, ಅರಗಿನ ಮುದ್ರೆ ಒತ್ತಿಸಿದ್ದು ನನ್ನ ಮೂರ್ಖತನ ಎಂದೆ. ಮತ್ತೆ ಅಡತಿಯವನ ಕೈಗೇ ಕೊಟ್ಟುಬಿಡು ಎಂದು ಯಾರೋ ಕೂಗಿದರು. ಬರುವ ದಾರಿಯಲ್ಲಿ ಅವನನ್ನು ಕಂಡು ಕೈ ಹಿಡಿದು ಕ್ಷಮೆ ಕೇಳಿ ಬಂದಿದ್ದೆ. ಅವನು ನನ್ನನ್ನು ಕೂರಿಸಿ ಚಹಾ ಕುಡಿಸಿದ್ದ, ಆದರೆ ಬುಟ್ಟಿ ತಿರುವುವ ಆಳುಗಳನ್ನು ಬೇರೆ ಕೆಲಸಕ್ಕೆ ಹಚ್ಚಿಬಿಟ್ಟಿದ್ದ. ಈಗ ನಮ್ಮ ಎಲೆಗೆ ನಾವೇ ಜವಾಬುದಾರರು.

ಕೊನೆಗೆ, ಹೇಳಬಾರದೆಂದುಕೊಂಡಿದ್ದ ಮಾತನ್ನು ಹೇಳಿದೆ. “ಅವ್ವಾ, ನೀ ಇಟ್ಟ ಕೊಸರು ಅಲ್ಲಿ ಯಾರೂ ತಿನ್ನಾಂಗಿಲ್ಲ. ಹೊರಗ ಒಗೀತಾರ. ಆಡು ತಿಂತಾವು.”

ಫಕೀರವ್ವ ತನ್ನ ಅಂಗೈಯನ್ನೇ ನೋಡುತ್ತ ಕುಳಿತಳು. ಎಲೆಯ ಕರೆ ಹತ್ತಿ ಕಪ್ಪಾದ ಕೈ. ಆಕೆಯ ಕಣ್ಣು ತುಂಬಿದ್ದು ನೋಡಿ, ಯಾಕಾದರೂ ಹೇಳಿದೆನೋ ಎಂದು ನನಗೆ ಸಂಕಟವಾಯಿತು.

“ಆಡಿಗೆ?” ಎಂದಳು.

“ಹೂಂ.”

ಸೆರಗಿನಿಂದ ಮುಖ ಒರಸಿಕೊಂಡಳು. “ಕೊಸರು ಇಸಗೊಳ್ಳಾಕ ಎದುರಿಗೆ ಒಂದು ಬಾಯಿ ಬೇಕು. ಬುಟ್ಟ್ಯಾಗ ಇಟ್ಟು ಕಳಿಸಿದ್ದs ನಮ್ಮ ತಪ್ಪು. ಶಂಕ್ರಾ, ಅವರ ಊರು ನೋಡಿ ಬಂದಾಂವ ನೀನs ಅದಿ. ಇನ್ನ ಮ್ಯಾಲ ಅವರ ಬಾಯಿ ನೀನs. ಕವಳಿ ಬರೇ ನೂರು. ಕೊಸರು ಇಲ್ಲೇ, ನಮ್ಮೆದುರಿಗೆ, ನೀ ತಿನ್ನಬೇಕು. ತೋಟಕ್ಕೊಂದು.”

ಒಪ್ಪಿದೆ. ಒಪ್ಪುವಾಗ ಇಪ್ಪತ್ತೆರಡು ಮಾಗಿದ ಎಲೆ ಎಂದರೆ ಎಷ್ಟೆಂದು ಯೋಚಿಸಿರಲಿಲ್ಲ. ಆ ಖೇಪು ಕಟ್ಟುವ ದಿನ ಇಪ್ಪತ್ತೆರಡು ಜನ ಸಾಲಾಗಿ ಬಂದು, ಒಬ್ಬೊಬ್ಬರೂ ತಮ್ಮ ಎಲೆಯನ್ನು ನನ್ನ ಬಾಯಿಗಿಟ್ಟು, ನುಂಗುವ ತನಕ ಎದುರಿಗೆ ನಿಂತು ನೋಡಿದರು. ಸಂಜೆಯ ಹೊತ್ತಿಗೆ ನಾಲಿಗೆ ದಪ್ಪಗಾಗಿ, ನನ್ನ ಹೆಸರು ನನಗೇ ಹೇಳಲು ಬರುತ್ತಿರಲಿಲ್ಲ. ಆದರೆ ಬುಟ್ಟಿಗಳಲ್ಲಿ ಒಂದೇ ಒಂದು ಮಾಗಿದ ಎಲೆ ಇರಲಿಲ್ಲ. ಪ್ರತಿ ಕವಳಿಯನ್ನೂ ನಾನು ಕೈಯಾರೆ ನೋಡಿದ್ದೆ.

ಆಮೇಲಿನದು ಬರೀ ಕಾಯುವ ಕೆಲಸ. ಅಂಚೆಯವನನ್ನು ಕಂಡರೆ ಎಲ್ಲ ತೋಟದವರೂ ಎದ್ದು ನಿಲ್ಲುತ್ತಿದ್ದರು. ಒಂದು ತಿಂಗಳ ಮೇಲೆ ಏಡನ್ನಿನಿಂದ ಪಾರ್ಸಲ್ಲು ಬಂತು, ಒಳಗೆ ಒಂದು ಕಾಗದ, ಒಂದು ಬಟ್ಟೆಯ ಸಣ್ಣ ಗಂಟು. ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಎಲೆ ಹಸಿರಾಗಿ ಬಂದಿದೆ, ಎಂದಿನಂತೆ ಕಳಿಸುತ್ತಿರಿ ಎಂದು ಜೇಠಾಭಾಯಿ ಬರೆದಿದ್ದರು. ಕೆಳಗೆ ಇನ್ನೆರಡು ಸಾಲು: “ಗಂಟು ನಮ್ಮ ಸಾಲೆಂ ಕೊಟ್ಟದ್ದು. ಲೆಕ್ಕಕ್ಕಿಲ್ಲವಂತೆ. ಮೇಲಿನ ಎಲೆ ಇಡುತ್ತಿದ್ದ ಆ ತಾಯಿಗೆ ತಲುಪಿಸಬೇಕಂತೆ.”

ಫಕೀರವ್ವ ಗಂಟು ಬಿಚ್ಚಿದಳು. ಹುರಿದ ಕಾಫಿಬೀಜ, ಒಂದು ಹಿಡಿ. ಆಕೆ ಹುಟ್ಟಿದಂದಿನಿಂದ ಕಾಫಿ ಕಂಡವಳಲ್ಲ. ಪುಡಿ ಮಾಡಿ ಕುದಿಸಬೇಕೆಂದು ನಾನು ಹೇಳುವಷ್ಟರಲ್ಲಿ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದಳು. ಮುಖ ಕಿವುಚಿತು.

“ಕಹಿ ಐತಿ ಏನಬೇ? ಉಗುಳು, ಉಗುಳು” ಎಂದೆ.

ಆಕೆ ತಲೆ ಅಲ್ಲಾಡಿಸಿ, ಪೂರ್ತಿ ಅಗಿದು, ನುಂಗಿ, ನನ್ನ ಕಡೆ ತಿರುಗಿದಳು.

“ಕೊಸರು ಯಾರರ ಉಗಳ್ತಾರೇನೋ?” ಎಂದಳು. “ಅಂವ ಎದುರಿಗಿಲ್ಲ ಖರೆ. ನೀ ನೋಡೀಯಲ್ಲ, ನಾ ತಿಂದಿದ್ದು? ಹಂಗಂತ ಅವಗ ಕಾಗದ ಬರಿ.”